ವೈಜಯಂತಿಯ ಹುರುಪು

ವೈಜಯಂತಿ ತುಮಕೂರು ಕಡೆಯ ಹೆಣ್ಣುಮಗಳು. ಮದುವೆಯಾಗಿ ದಿಲ್ಲಿಗೆ ಬಂದವಳು ಸುಮ್ಮನೆ ಕೂರಲಾರದೆ ರೋಹಿಣಿ ಬಡಾವಣೆಯ ತನ್ನ ಎರಡು ಕೋಣೆಯ ಮನೆಯಿಂದಲೇ ಊಟದ ಡಬ್ಬಿ ಕಳಿಸಲು ಶುರುಮಾಡಿದಳು. ಸುತ್ತಲಿನ ಕಾಲೇಜುಗಳಲ್ಲಿ ಓದುವ ನಮ್ಮ ಕಡೆಯ ಹುಡುಗರಿಗೆ, ಆಫೀಸಿಗೆ ಹೋಗುವ ಹುಡುಗಿಯರಿಗೆ ಅವಳದೇ ಅನ್ನ. ರಾಜ್ಮಾ ತಿಂದು ತಿಂದು ನಾಲಿಗೆ ಸತ್ತವರು ಅವಳ ಬಸ್ಸಾರಿನ ಡಬ್ಬಿ ತೆಗೆದರೆ ಮುಖ ಅರಳುತ್ತಿತ್ತು. ಅವಳ ಗಂಡ ಗುರುರಾಜ ಒಂದು ಸಣ್ಣ ಕಂಪನಿಯಲ್ಲಿ ಗುಮಾಸ್ತ. ಒಬ್ಬಳೇ ಮಗಳು ಪ್ರೇರಣಾ, ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ನಾನು ಅವರ ಕೆಳಗಿನ ಮನೆಯ ಮುದುಕ; ಗಂಡ ಹೆಂಡತಿ ನನ್ನನ್ನು ಮಾವ ಎನ್ನುತ್ತಿದ್ದರು, ಮಗಳು ತಾತ. ವೈಜಯಂತಿಯ ಒಗ್ಗರಣೆಯ ಘಮದಿಂದಲೇ ನನ್ನ ಹಸಿವು ಏಳುತ್ತಿದ್ದದ್ದು.

ಅವಳಿಗೆ ಬೈಪೋಲಾರ್ ಎನ್ನುವ ಕಾಯಿಲೆ ಇತ್ತು. ಮನಸ್ಸು ಒಮ್ಮೆ ಬೆಟ್ಟದ ತುದಿಗೆ ಏರಿದರೆ ಇನ್ನೊಮ್ಮೆ ಬಾವಿಯ ತಳಕ್ಕೆ ಇಳಿಯುತ್ತದೆ. ಪ್ರೇರಣಾ ಇನ್ನೂ ಸಣ್ಣವಳಿದ್ದಾಗ ಒಂದು ಮಧ್ಯಾಹ್ನ ವೈಜಯಂತಿ ಅವಳನ್ನು ಕಟ್ಟಿಕೊಂಡು ಮೆಟ್ರೋ ಹತ್ತಿದಳು. ಬೋಗಿಯಲ್ಲಿದ್ದವರೆಲ್ಲ ತನ್ನ ಹಿಂದಿನ ಜನ್ಮದ ಮಕ್ಕಳೆಂದು ಅಪ್ಪಿಕೊಂಡಳು, ಕೈಬಳೆ ಬಿಚ್ಚಿ ಬಿಚ್ಚಿ ಹಂಚಿದಳು. ಪೋಲೀಸರು ಫೋನು ಮಾಡಿದ ಮೇಲೆ ಗುರುರಾಜ ಓಡಿದ. ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಬಿಡುಗಡೆಯ ದಿನ ಡಾಕ್ಟರಮ್ಮ ಹೇಳಿದ ಮಾತನ್ನು ನಾನೂ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಶಾಲೆಯ ಮೆಟ್ಟಿಲು ಹತ್ತದಿದ್ದರೂ ಕಿವಿಗೆ ಬಿದ್ದದ್ದನ್ನು ನಾನು ಮರೆಯುವವನಲ್ಲ. ಏರುವುದರಲ್ಲಿ ಎರಡು ಬಗೆ, ಎಂದರು ಆಕೆ. ದೊಡ್ಡದು ಮೇನಿಯಾ, ಸಣ್ಣದು ಹೈಪೋಮೇನಿಯಾ. ಎರಡರಲ್ಲೂ ನಿದ್ದೆ ಕಡಿಮೆಯಾದರೂ ದಣಿವಿಲ್ಲ, ಮಾತು ಜಾಸ್ತಿ, ತಲೆ ತುಂಬ ಯೋಚನೆ. ಸಣ್ಣದರಲ್ಲಿ ಮನುಷ್ಯ ತನ್ನ ಕೆಲಸ ತಾನು ಮಾಡಿಕೊಂಡಿರುತ್ತಾನೆ, ಕೆಲವರು ಎರಡರಷ್ಟು ಮಾಡುತ್ತಾರೆ. ಬದಲಾವಣೆ ಮನೆಯವರ ಕಣ್ಣಿಗೆ ಬೀಳುತ್ತದೆ, ಆದರೆ ಬದುಕು ಹಳಿ ತಪ್ಪುವುದಿಲ್ಲ. ದೊಡ್ಡದರಲ್ಲಿ ಬದುಕೇ ಮುರಿದು ಬೀಳುತ್ತದೆ. ಇಲ್ಲದ್ದು ಇದೆ ಅನಿಸಬಹುದು, ಆಸ್ಪತ್ರೆ ಬೇಕಾಗಬಹುದು. ಸಣ್ಣದರಲ್ಲೇ ನಿಲ್ಲುವವರು ಇದ್ದಾರೆ. ಆದರೆ ಇವರಿಗೆ ಒಮ್ಮೆ ದೊಡ್ಡದು ಬಂದಾಗಿದೆ, ಆದ್ದರಿಂದ ಸಣ್ಣದು ಕಂಡ ಕೂಡಲೇ ನನ್ನ ಹತ್ತಿರ ಕರೆತನ್ನಿ, ಮಾತ್ರೆ ಮಾತ್ರ ಬಿಡಿಸಬೇಡಿ.

ಮೆಟ್ಟಿಲು ಇಳಿಯುವಾಗ ಗುರುರಾಜ ಉಸಿರು ಬಿಟ್ಟ. "ಸಣ್ಣದಕ್ಕೆ ಹೆದರೋ ಹಾಗಿಲ್ಲ ಅಂತಾಯ್ತಲ್ಲ ಮಾವ. ದೊಡ್ಡದು ಬರದ ಹಾಗೆ ನೋಡ್ಕೊಂಡ್ರೆ ಸಾಕು."

"ಆಕೆ ಹೇಳಿದ್ದು ಹಾಗಲ್ಲಪ್ಪ," ಎಂದೆ.

"ಅಯ್ಯೋ, ಒಂದೇ ಮಾತು ಬಿಡಿ."

ಒಂದೇ ಮಾತಾಗಿರಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು.

ಮಾತ್ರೆಯ ಮೇಲೆ ವರ್ಷಗಳು ಸಾಗಿದವು. ಮಾತ್ರೆ ಅವಳನ್ನು ಹಿಡಿದಿಟ್ಟಿತ್ತು, ಆದರೆ ಬೆರಳು ನಡುಗುತ್ತಿದ್ದವು. ಚಕ್ಕುಲಿ ಒತ್ತಿದರೆ ಸುತ್ತು ಕೂಡುತ್ತಿರಲಿಲ್ಲ. ಆದರೂ ನವರಾತ್ರಿಯ ಹೊತ್ತಿಗೆ ಅವಳಿಗೆ ಒಂದು ಬಗೆಯ ಕಸುವು ಬರುತ್ತಿತ್ತು. ಕೋಳಿ ಕೂಗುವ ಮೊದಲೇ ಕುಕ್ಕರ್ ಕೂಗುತ್ತಿತ್ತು. ಅನ್ನ ಸಾರಿನ ಡಬ್ಬಿಯಲ್ಲಿ ಕೇಳದೆಯೇ ವಾಂಗಿಬಾತು ಬರುತ್ತಿತ್ತು, ಮರುದಿನ ಕಡುಬು. ಡಬ್ಬಿ ತಿನ್ನುವವರಿಗೆ ಈ ಗುರುತು ಅಭ್ಯಾಸವಾಗಿಹೋಯಿತು. ಅವರಲ್ಲಿ ಚಿರಂತ್ ಎಂಬ ಹುಡುಗ, ಎಂಜಿನಿಯರಿಂಗ್ ಓದುವವನು, ಮೊಬೈಲಿನ ಗುಂಪಿಗೆ ಸುದ್ದಿ ಹಾಕುತ್ತಿದ್ದ: ಅಕ್ಕ ಫಾರ್ಮಿಗೆ ಬಂದಿದ್ದಾರೆ, ಹಬ್ಬದ ತಿಂಡಿ ಈಗಲೇ ಹೇಳಿಬಿಡಿ. ಒಬ್ಬಟ್ಟು, ಕೋಡುಬಳೆ, ಚಕ್ಕುಲಿಗೆ ಜನ ಮುಗಿಬೀಳುತ್ತಿದ್ದರು. ವರ್ಷವೆಲ್ಲ ಅವಳು ಮಂಕಾಗಿದ್ದರೆ ಯಾರಿಗೂ ಬೇಡ, ಈ ಹುರುಪು ಮಾತ್ರ ಎಲ್ಲರಿಗೂ ಬೇಕು.

ಹೋದ ವರ್ಷವೂ ಹಾಗೇ ಶುರುವಾಯಿತು.

"ಅಕ್ಕಾ, ಈ ಸಲ ಒಬ್ಬಟ್ಟು ಹೋದ ಸಲದ ಎರಡರಷ್ಟು. ಆಗತ್ತಾ?" ಎಂದ ಚಿರಂತ್ ಬಾಗಿಲಲ್ಲೇ ನಿಂತು.

"ಎರಡರಷ್ಟೇನೋ ಕೋತಿ, ನಿಮ್ಮ ಕಾಲೇಜಿಗೇ ಹಾಕ್ತೀನಿ! ನಿಮ್ಮ ಪ್ರಿನ್ಸಿಪಾಲರ ಬಾಯಿಗೂ ತುರುಕ್ತೀನಿ!"

ಅವನು ನಕ್ಕ, ಗುರುರಾಜನೂ ನಕ್ಕ. ಆ ವಾರವೇ ಅವಳು ಗಂಡನನ್ನು ಕೇಳಿಕೊಂಡಳು. "ರೀ, ಈ ಕೈ ನಡುಕದಲ್ಲಿ ಹೇಗ್ರೀ ಒತ್ತಲಿ? ಹಬ್ಬ ಮುಗಿಯೋವರೆಗೆ ಅರ್ಧ ಮಾತ್ರೆ ತಗೋತೀನಿ. ಅಡಿಗೆ ಒಂದಿಲ್ಲದಿದ್ರೆ ನಾನ್ಯಾರ್ರೀ?" ಗುರುರಾಜ ಕೋಲೆ ಬಸವನಂತೆ ತಲೆಯಾಡಿಸಿದ. ಅರ್ಧವಾದದ್ದು ಹಬ್ಬದ ಗಡಿಬಿಡಿಯಲ್ಲಿ ಪೂರ್ತಿ ನಿಂತದ್ದು ಅವನಿಗೂ ತಿಳಿಯಲಿಲ್ಲ.

ಮಗಳಿಗೆ ತಿಳಿಯಿತು. ಪ್ರೇರಣಾ ಅಪ್ಪನನ್ನು ನಮ್ಮ ಮನೆಯ ವರಾಂಡಕ್ಕೆ ಎಳೆತಂದು ಕೂರಿಸಿದಳು. "ಅಪ್ಪಾ, ಯೇ ನಾರ್ಮಲ್ ನಹೀ ಹೈ. ಅಮ್ಮ ಮಲಗೋದೇ ಇಲ್ಲ. ಬಾಲ್ಕನಿಯಲ್ಲಿ ನಿಂತು ಪಾರಿವಾಳದ ಜೊತೆ ಮೆನು ಮಾತಾಡ್ತಾಳೆ. ಡಾಕ್ಟರ್ ಕೇ ಪಾಸ್ ಚಲೋ, ಪ್ಲೀಸ್."

"ಮೆಟ್ರೋದಲ್ಲಿ ಬಳೆ ಹಂಚಿದ್ಲಲ್ಲ, ಹಾಗೇನಾದ್ರೂ ಮಾಡ್ತಿದ್ದಾಳಾ? ಡಬ್ಬಿ ಹೊತ್ತಿಗೆ ಸರಿಯಾಗಿ ಹೋಗ್ತಿದೆ. ಇದು ಸಣ್ಣದು ಪುಟ್ಟಿ."

"ಸಣ್ಣದು ಅಂದಾಗ್ಲೇ ಹೋಗ್ಬೇಕು ಅಂತ ಅಲ್ವಾ ಹೇಳಿದ್ದು? ತಾತಾ, ಆಪ್ ಬೋಲೋ ನಾ!"

ನಾನು ಹೇಳಿದೆ. "ಅಷ್ಟಮಿ ಕಳೆಯಲಿ ಮಾವ, ಇಷ್ಟೊಂದು ಜನಕ್ಕೆ ಮಾತು ಕೊಟ್ಟಿದ್ದಾಳೆ," ಎಂದು ಗುರುರಾಜ ಎದ್ದುಹೋದ.

ಅಷ್ಟಮಿಯ ದಿನ ದಿಲ್ಲಿಯ ಬೀದಿಗಳನ್ನು ನೋಡಿದವರಿಗೆ ಗೊತ್ತು. ಮೂಲೆಮೂಲೆಗೂ ಶಾಮಿಯಾನ ಹಾಕಿ, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಪೂರಿ, ಕಡಲೆ, ಹಲ್ವಾ ಬಡಿಸುತ್ತಾರೆ. ಭಂಡಾರಾ ಎನ್ನುತ್ತಾರೆ. ಆ ಬೆಳಿಗ್ಗೆ ವೈಜಯಂತಿ ಒಲೆ, ಸಿಲಿಂಡರು, ದೊಡ್ಡ ಬಾಣಲಿ ಎಲ್ಲವನ್ನೂ ಬೀದಿಗೆ ಇಳಿಸಿದಳು. ಹುಡುಗರ ತಿಂಡಿಗೆಂದು ತಂದ ಮೈದಾ, ಬೇಳೆ, ಬೆಲ್ಲವೆಲ್ಲ ಬೀದಿಪಾಲು. ಕುಂಕುಮ ಹಣೆ ತುಂಬ, ಕೂದಲು ಬಿಚ್ಚಿತ್ತು. ಬೇರೆ ಯಾವ ಊರಲ್ಲಾದರೂ ಜನ ಗಾಬರಿಯಾಗುತ್ತಿದ್ದರು. ಇಲ್ಲಿ ಸಾಲು ನಿಂತರು. ಕೈಮುಗಿದರು. ಗುರುರಾಜ ತಾನೇ ದೊನ್ನೆ ಹಂಚಲು ನಿಂತ. ಚಿರಂತ್ ವೀಡಿಯೊ ತೆಗೆಯುತ್ತಿದ್ದ.

"ತಗೊಳ್ಳಿ, ತಗೊಳ್ಳಿ! ಈ ಊರಿಗೆ ಊರೇ ನನ್ನ ಹೊಟ್ಟೆಯ ಮಕ್ಕಳು!" ಎನ್ನುತ್ತಿದ್ದಳು. ಮೆಟ್ರೋದಲ್ಲಿ ಆಡಿದ್ದಂಥದೇ ಮಾತು. ಗುರುರಾಜನ ಕೈಯ ದೊನ್ನೆಗಳು ಕೆಳಗೆ ಬಿದ್ದವು. ಮೆಟ್ಟಿಲ ಮೇಲಿಂದ ನಾನು ಗ್ಯಾಸ್ ಆರಿಸು ಎಂದು ಕೂಗಿದೆ. ಅಷ್ಟರಲ್ಲಿ ಅವಳು ಜಾಲರಿ ಸೌಟನ್ನು ಎಸೆದುಬಿಟ್ಟಿದ್ದಳು. "ಅನ್ನಪೂರ್ಣೆಗೆ ಯಾಕೆ ಸೌಟು?" ಎಂದವಳೇ ಕುದಿಯುವ ಎಣ್ಣೆಗೆ ಎರಡೂ ಕೈ ಇಳಿಸಿ ಪೂರಿ ಎತ್ತಿದಳು. ಅವಳ ಮುಖದಲ್ಲಿ ನೋವೇ ಇರಲಿಲ್ಲ. ಸಾಲಿನಲ್ಲಿದ್ದವರು ಒಟ್ಟಿಗೆ "ಜೈ ಮಾತಾ ದೀ" ಎಂದು ಕೂಗಿದರು. ಅವಳು ಇನ್ನೊಮ್ಮೆ ಇಳಿಸಿದಳು. ಪ್ರೇರಣಾ ಕಿರುಚುತ್ತ ಬಂದು ಅಮ್ಮನ ಸೊಂಟ ಹಿಡಿದು ಎಳೆಯುವವರೆಗೆ ಜೈಕಾರ ನಿಲ್ಲಲಿಲ್ಲ.

ಸುಟ್ಟ ಗಾಯಗಳ ವಾರ್ಡಿನಲ್ಲಿ ಬಹಳ ಕಾಲ, ಆಮೇಲೆ ಮನೋರೋಗದ ವಾರ್ಡಿನಲ್ಲಿ. ಡಾಕ್ಟರಮ್ಮ ಗುರುರಾಜನನ್ನು ಬೈಯಲಿಲ್ಲ. ಯಾವಾಗ ಶುರುವಾಯಿತು ಎಂದಷ್ಟೇ ಕೇಳಿದರು. ಅವನು ಹೇಳಿದ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಅವಳು ಮನೆಗೆ ಬಂದಾಗ ಬೆರಳುಗಳು ಮಡಿಚಿಕೊಂಡು ಅಂಟಿದ್ದವು. ಉಪ್ಪು ಚಿವುಟಿ ಹಾಕಲೂ ಆಗದು. ಏರಿದ್ದ ಮನಸ್ಸು ಇಳಿದಿತ್ತು, ತಳದಲ್ಲೇ ಕೂತಿತ್ತು. ಗುರುರಾಜ ದೊಡ್ಡ ಒಲೆಯನ್ನು ಕೊಟ್ಟುಬಿಟ್ಟ. ಹುಡುಗರು ಬೇರೆ ಡಬ್ಬಿ ನೋಡಿಕೊಂಡರು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಸುಮ್ಮನಿದ್ದರೋ ಏನೋ, ಯಾರೂ ಬರಲಿಲ್ಲ. ಚಿರಂತ್ ಒಮ್ಮೆ ಬಂದವನು ಅವಳ ಕೈ ನೋಡಿ ಚಪ್ಪಲಿ ಮೆಟ್ಟಿ ಹೊರಟೇಹೋದ. ಈಗ ಅವರ ಮನೆಗೇ ಹೊರಗಿನಿಂದ ಡಬ್ಬಿ ಬರುತ್ತದೆ. ಮಗಳು ತುತ್ತು ಮಾಡಿ ತಿನ್ನಿಸುತ್ತಾಳೆ. ಅವಳು ಬಾಯಿ ತೆರೆಯುತ್ತಾಳೆ, ನುಂಗುತ್ತಾಳೆ, ಉಪ್ಪು ಹೆಚ್ಚೋ ಕಮ್ಮಿಯೋ ಹೇಳುವುದಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಮೇಲೆ ಹೋಗಿದ್ದೆ. ಪ್ರೇರಣಾ ತನ್ನ ಅಪ್ಪ ಬಲಿತ ಬದನೆಕಾಯಿ ಹಿಡಿದು ತರಕಾರಿ ಭಯ್ಯಾನ ಜೊತೆ ಆಡುವ ಹಿಂದಿಯನ್ನು ಅಣಕಿಸುತ್ತಿದ್ದಳು. "ಭಯ್ಯಾ, ಯೇ ಬೈಂಗನ್ ಬಹುತ್ ಬುಡ್ಢಾ ಹೋ ಗಯಾ, ಇಸ್ಕೋ ಪೆನ್ಷನ್ ದೇ ದೋ!"

ವೈಜಯಂತಿಗೆ ನಗು ಬಂತು. ಅಷ್ಟು ತಿಂಗಳಲ್ಲಿ ಮೊದಲ ಸಲ. ಹೊಟ್ಟೆಯಿಂದ ಬಂದ ನಗು, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಗಲು ಹೊರಟವನು ಗುರುರಾಜನ ಮುಖ ನೋಡಿ ನಿಲ್ಲಿಸಿದೆ. ಅವನು ಕುರ್ಚಿಯಿಂದ ಎದ್ದು ನಿಂತಿದ್ದ.

"ವೈಜೂ, ರಾತ್ರಿ ನಿದ್ದೆ ಬಂತಾ? ಮಾತ್ರೆ ನುಂಗಿದ್ಯಾ? ಬಾಯಿ ತೆಗಿ, ನೋಡೋಣ."

ನಗು ನಿಂತಿತು. ಅವಳು ಬಾಯಿ ತೆರೆದು ತೋರಿಸಿದಳು. ಪ್ರೇರಣಾ ಆಗಲೇ ಡಾಕ್ಟರಮ್ಮನ ನಂಬರು ಹುಡುಕುತ್ತಿದ್ದಳು, ಈ ಸಲ ತಡಮಾಡಬಾರದೆಂದು. ಅವರಿಬ್ಬರದೂ ತಪ್ಪೆನ್ನುವ ಹಾಗಿರಲಿಲ್ಲ.

ವೈಜಯಂತಿ ನನ್ನ ಕಡೆ ತಿರುಗಿದಳು. "ಎಷ್ಟು ನಗಬಹುದು ಮಾವ? ಅಷ್ಟೇ ನಗ್ತೀನಿ."

ಪ್ರೇರಣಾ ಫೋನು ಕಿವಿಗೆ ಹಿಡಿದಿದ್ದಳು. ಅತ್ತ ಕಡೆ ರಿಂಗಾಗುತ್ತಿತ್ತು. ವೈಜಯಂತಿ ಸೀರೆಯ ಸೆರಗನ್ನು ಮುದುಡಿದ ಕೈಯಿಂದ ಎಳೆದು ಬಾಯಿಗೆ ಒತ್ತಿಕೊಂಡಳು.