ಹದಿನಾಲ್ಕನೇ ಕಂಪ್ಯೂಟರಿನ ಐವತ್ತು ನಿಮಿಷ

2024ರ ಜೂನ್ ತಿಂಗಳು. ಭಾರತೀನಗರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು. ಮಳವಳ್ಳಿಯಿಂದ ಬೆಳಿಗ್ಗೆ ಏಳೂ ಮುಕ್ಕಾಲರ ಬಸ್ಸು ಹಿಡಿದು ಬರುವುದು, ಮೂವತ್ತು ಕಂಪ್ಯೂಟರ್‌ಗಳ ಮೇಲಿನ ಧೂಳು ಒರೆಸಿ ಆನ್ ಮಾಡಿಸುವುದು, ಸಂಜೆ ಎಣಿಸಿ ಬೀಗ ಹಾಕುವುದು, ಇದನ್ನೇ ಇಪ್ಪತ್ತಾರು ವರ್ಷ ಮಾಡಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಿದ್ಯಾರ್ಥಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಸುಳ್ಳಲ್ಲ, ಹಾಗೇ ಇತ್ತು.

ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಯಾವ ಕಂಪ್ಯೂಟರಿನಲ್ಲಿ ಯಾರು ಕೂತಿದ್ದರು ಎಂದು ತಿಳಿಯಲು ಇದ್ದದ್ದು ಬಾಗಿಲ ಬಳಿಯ ರಿಜಿಸ್ಟರ್ ಒಂದೇ. ಹೆಸರು, ಕಂಪ್ಯೂಟರ್ ಸಂಖ್ಯೆ, ಬಂದ ಹೊತ್ತು, ಸಹಿ. ಆಟ ಆಡಿದವರನ್ನು ಹಿಡಿಯಲು ಇದು ಸಾಲದು ಎಂಬುದು ನನಗೂ ಗೊತ್ತಿತ್ತು. ಏಕೆಂದರೆ ಈಗಿನ ಆಟಗಳನ್ನು ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಬೇಕೆಂದೇ ಇಲ್ಲ. ಪೋರ್ಟಬಲ್ ಎನ್ನುತ್ತಾರೆ. ಪೂರ್ತಿ ಆಟ ಪೆನ್‌ಡ್ರೈವ್‌ನಲ್ಲೇ ಇರುತ್ತದೆ. ಚುಚ್ಚಿದರೆ ಓಡುತ್ತದೆ, ಕಿತ್ತುಕೊಂಡು ಹೋದರೆ ಕಂಪ್ಯೂಟರಿನಲ್ಲಿ ಗುರುತೇ ಉಳಿಯುವುದಿಲ್ಲ. ಅದಕ್ಕೇ ನಾನು ಹಟ ಹಿಡಿದು, ಯಾವ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಿತು ಎಂದು ಬರೆದಿಡುವ ಒಂದು ಸಾಫ್ಟ್‌ವೇರ್ ಹಾಕಿಸಿದ್ದೆ. ಆ ಬರಹಕ್ಕೆ ಲಾಗ್ ಎಂದು ಹೆಸರು. ಇನ್ನು ನನ್ನ ಕಣ್ಣು ತಪ್ಪಿಸಿ ಯಾರೂ ಏನೂ ಮಾಡಲಾರರು ಎಂಬ ಜಂಬ ಬಂದುಬಿಟ್ಟಿತ್ತು.

ಒಂದು ಬುಧವಾರ ಬೆಳಿಗ್ಗೆ ಲ್ಯಾಬು ತೆರೆದರೆ ಅಂತಿಮ ಬಿಸಿಎ ವಿದ್ಯಾರ್ಥಿಗಳ ಪ್ರಾಜೆಕ್ಟ್ ಫೈಲುಗಳು ಒಂದೂ ಕಾಣಲಿಲ್ಲ. ನಲವತ್ತೊಂದು ಜನರ ನಾಲ್ಕು ತಿಂಗಳ ಕೆಲಸ. ಅವನ್ನೆಲ್ಲ ಒಟ್ಟಿಗೆ ಇಡುತ್ತಿದ್ದ ಸಾಮಾನ್ಯ ಫೋಲ್ಡರಿನಲ್ಲಿ ಬಾಣದ ಗುರುತಿದ್ದ ಪುಟ್ಟ ಐಕಾನುಗಳು ಮಾತ್ರ ಇದ್ದವು. ಇದಕ್ಕೆ ಶಾರ್ಟ್‌ಕಟ್ ವೈರಸ್ ಎನ್ನುತ್ತಾರೆ. ಸೋಂಕಿರುವ ಪೆನ್‌ಡ್ರೈವ್ ಚುಚ್ಚಿ ಅದನ್ನು ತೆರೆಯಲು ಒತ್ತಿದರೆ ಸಾಕು, ವೈರಸ್ ಓಡಿ ಅಸಲಿ ಫೈಲುಗಳನ್ನೆಲ್ಲ ಬಚ್ಚಿಡುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ವಾರವೂ ಇರಲಿಲ್ಲ. ಮಂಡ್ಯದಿಂದ ಟೆಕ್ನಿಷಿಯನ್ ಬಂದು ಒಂದೂವರೆ ದಿನ ಕೂತು ಎಲ್ಲವನ್ನೂ ಹೊರತೆಗೆದ. ಅಷ್ಟರವರೆಗೆ ನನಗೆ ಅನ್ನ ಸೇರಲಿಲ್ಲ.

ಗುರುವಾರ ಲಾಗ್ ತೆಗೆದು ನೋಡಿದೆ. ಮಂಗಳವಾರ, ಹದಿನಾಲ್ಕನೇ ಕಂಪ್ಯೂಟರ್. ಪೆನ್‌ಡ್ರೈವ್‌ನಿಂದ ಒಂದು ಕೇರಂ ಆಟ ಓಡಿದೆ. ಶುರುವಾದದ್ದು ಹತ್ತೂ ಇಪ್ಪತ್ತಕ್ಕೆ, ನಿಂತದ್ದು ಹನ್ನೊಂದೂ ಹತ್ತಕ್ಕೆ. ವೈರಸ್ ಒಳಗೆ ಬಂದದ್ದೂ ಅದೇ ಹತ್ತೂ ಇಪ್ಪತ್ತಕ್ಕೆ. ರಿಜಿಸ್ಟರ್ ತಿರುವಿದೆ. ಹದಿನಾಲ್ಕರ ಮುಂದೆ ಭವ್ಯ ಎಂದು ಬರೆದು ಸಹಿ ಹಾಕಿತ್ತು.

ಭವ್ಯ ಹಲಗೂರಿನ ಆಚೆಯ ಹಳ್ಳಿಯ ಹುಡುಗಿ. ಓದಿನಲ್ಲಿ ಮುಂದು, ಮಾತಿನಲ್ಲಿ ಹಿಂದು. ಬೇರೆ ಯಾರದ್ದಾದರೂ ಹೆಸರಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲವೇನೋ. ಇವಳೂ ಹೀಗಾ ಎನಿಸಿತು.

ಶುಕ್ರವಾರ ಪ್ರಿನ್ಸಿಪಾಲರ ಕೊಠಡಿಯಲ್ಲಿ ವಿಚಾರಣೆ. ಲಾಗಿನ ಪ್ರತಿ, ರಿಜಿಸ್ಟರ್, ಎರಡನ್ನೂ ಮೇಜಿನ ಮೇಲಿಟ್ಟೆ. ಅವಳು ಹೇಳಿದ್ದು ಒಂದೇ ಮಾತು: "ನಾನ್ ಆಡಿಲ್ಲ ಮೇಡಂ."

"ಹಾಗಾದ್ರೆ ಯಾರು ಆಡಿದ್ರು?"

ಅವಳು ತಲೆ ಎತ್ತಲಿಲ್ಲ. ನಾನು ಬಿಡಲಿಲ್ಲ. "ನೋಡು, ನಿನ್ನ ಮೆರೂನ್ ಬ್ಯಾಗು ಹದಿನಾಲ್ಕರ ಕುರ್ಚಿ ಮೇಲಿತ್ತು. ಬೇರೆ ಯಾರೋ ಹೇಳಿದ್ದಲ್ಲ, ನಾನೇ ಕಣ್ಣಾರೆ ನೋಡಿದ್ದೀನಿ" ಎಂದೆ. ಆಗ ಮಾತ್ರ ಅವಳು ತಲೆ ಎತ್ತಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಏನೋ ಕೇಳುವವಳಂತೆ ತುಟಿ ಅಲುಗಿತು. ಮತ್ತೆ ತಲೆ ತಗ್ಗಿಸಿದಳು.

ಅವಳಿಗೆ ಲ್ಯಾಬಿನ ಪ್ರವೇಶ ರದ್ದಾಯಿತು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಮಾತ್ರ ಪ್ರಾಕ್ಟಿಕಲ್ಲಿಗೆ ಹಾಲ್ ಟಿಕೆಟ್, ಇಲ್ಲದಿದ್ದರೆ ಇಲ್ಲ ಎಂದು ಆದೇಶವಾಯಿತು. ಪ್ರಾಕ್ಟಿಕಲ್ ತಪ್ಪಿದರೆ ಡಿಗ್ರಿ ಒಂದು ವರ್ಷ ಮುಂದೆ ಹೋಗುತ್ತದೆ. ಅವಳ ತಾಯಿಗೆ ಫೋನ್ ಮಾಡಿ ವಿಷಯ ಮುಟ್ಟಿಸಿದವಳೂ ನಾನೇ. ಅವಳು ಬರೆದುಕೊಡಲಿಲ್ಲ, ಮಾರನೇ ದಿನದಿಂದ ಕಾಲೇಜಿಗೂ ಬರಲಿಲ್ಲ. ತಪ್ಪು ಮಾಡಿದವರಿಗೇ ಇಷ್ಟು ಸೊಕ್ಕು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ಇನ್ನು ಮುಂದೆ ಲ್ಯಾಬಿಗೆ ಯಾರ ಪೆನ್‌ಡ್ರೈವೂ ಬರಕೂಡದು ಎಂದು ನೋಟಿಸ್ ಅಂಟಿಸಿ, ನಿಯಮ ನನಗೂ ಒಂದೇ ಎಂದು ದೊಡ್ಡದಾಗಿ ಸಾರಿ, ನನ್ನ ಪೆನ್‌ಡ್ರೈವನ್ನೂ ಮನೆಗೆ ಒಯ್ದು ಮೇಜಿನ ಡ್ರಾಯರಿಗೆ ಎಸೆದೆ.

ಪ್ರಾಕ್ಟಿಕಲ್ ಇದ್ದದ್ದು ಮುಂದಿನ ವಾರ ಕಳೆದು ಬರುವ ಸೋಮವಾರ. ಹಿಂದಿನ ದಿನ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ನಮ್ಮ ಮನೆಯವರು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಅವರು ನಿವೃತ್ತ ದೈಹಿಕ ಶಿಕ್ಷಕರು. ಮಂಡಿನೋವು ಬಂದ ಮೇಲೆ ಮೈದಾನ ಬಿಟ್ಟಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಅತ್ತ ಕಣ್ಣು ಹಾಯಿಸಿದೆ. ಪರದೆಯ ಮೇಲೆ ಕೇರಂ ಬೋರ್ಡು. ಮೇಲಿನ ಪಟ್ಟಿಯಲ್ಲಿ ಲಾಗ್‌ನಲ್ಲಿ ನಾನು ಓದಿದ ಅದೇ ಹೆಸರು. ಪಕ್ಕದಲ್ಲಿ ಚುಚ್ಚಿಕೊಂಡಿದ್ದದ್ದು ಹಳದಿ ದಾರ ಕಟ್ಟಿದ ನನ್ನ ಪೆನ್‌ಡ್ರೈವ್.

"ಇದು ಎಲ್ಲಿಂದ ಬಂತು ರೀ?" ಎಂದೆ.

"ಜೆರಾಕ್ಸ್ ಅಂಗ್ಡೀಲಿ ಆಕಿಸ್ಕೊಂಡೆ ಕಣೆ. ಪೆನ್ಶನ್ ಕಾಗ್ದ ಪ್ರಿಂಟ್ ಮಾಡ್ಸಕ್ಕೆ ಓಗಿದ್ನಲ್ಲ, ಆಗ. ಒಂದು ತಿಂಗ್ಳಾಯ್ತು. ಲ್ಯಾಪ್‌ಟಾಪ್‌ಗೆ ಏನೂ ಇನ್‌ಸ್ಟಾಲ್ ಮಾಡ್ಬ್ಯಾಡಿ, ಬೇಕಾದ್ರೆ ಪೆನ್‌ಡ್ರೈವಲ್ಲೇ ಇಟ್ಕಳಿ ಅಂತ ನೀನೇ ಯೋಳಿದ್ದಲ್ಲ."

ಹೇಳಿದ್ದೆ. "ಮುಚ್ಚಿ ಅದನ್ನ" ಎಂದೆ. ಅವರು ಮೂಲೆಯ ಇಂಟು ಗುರುತನ್ನು ಒತ್ತಿದರು. ಬೋರ್ಡು ಮಾಯವಾಯಿತು. ಆದರೆ ಕೆಳಗೆ ಗಡಿಯಾರದ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಉಳಿದಿತ್ತು.

"ಅದು ಅಂಗೇ ಇರ್ತದೆ. ನಾವು ಮುಚ್ಚುದ್ರೂ ಒಳಗೊಳಗೇ ಓಡ್ತಾ ಇರ್ತದೆ. ಪೆನ್‌ಡ್ರೈವ್ ಕಿತ್ರೇನೇ ಓಗೋದು. ಇನ್ನೊಂದ್ ಸಲೀಸು ಏನ್ ಗೊತ್ತಾ, ಪೆನ್‌ಡ್ರೈವ್ ಚುಚ್ಚಿ ತೆರಿಯಕ್ಕೆ ಒತ್ತುದ್ರೆ ಸಾಕು, ಮೊದ್ಲು ಆಟಾನೇ ಬತ್ತದೆ" ಎಂದರು, ಏನೋ ವಿದ್ಯೆ ಕಲಿಸುವವರಂತೆ.

ಆ ಮಂಗಳವಾರ ಒಂದೇ ಏಟಿಗೆ ಕಣ್ಣ ಮುಂದೆ ಬಂತು. ಲ್ಯಾಬಿನ ಪ್ರಿಂಟರ್ ಇರುವುದು ಹದಿನಾಲ್ಕಕ್ಕೆ. ಹಾಲ್ ಟಿಕೆಟಿನ ಪಟ್ಟಿ ಬೇಗ ಬೇಕೆಂದು ಪ್ರಿನ್ಸಿಪಾಲರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಪಟ್ಟಿ ನನ್ನ ಪೆನ್‌ಡ್ರೈವ್‌ನಲ್ಲಿತ್ತು; ತಿಂಗಳಿಂದ ಮನೆಯಲ್ಲೇ ಇದ್ದ ಅದನ್ನು ಲ್ಯಾಬಿಗೆ ತಂದದ್ದು ಅವತ್ತೇ. ಕುರ್ಚಿಯ ಮೇಲೆ ಮೆರೂನ್ ಬಣ್ಣದ ಬ್ಯಾಗು. ಅದನ್ನೆತ್ತಿ ಕೆಳಗಿಟ್ಟವಳು ನಾನು. ಕೂತು ಪೆನ್‌ಡ್ರೈವ್ ಚುಚ್ಚಿ ಒತ್ತಿದಾಗ ಒಂದು ಬಿಳಿ ಕಿಟಕಿ ತೆರೆದುಕೊಳ್ಳತೊಡಗಿತ್ತು. ಯಾವುದೋ ಜಾಹೀರಾತು ಎಂದು ಅದು ಪೂರ್ತಿ ಬಿಡಿಸಿಕೊಳ್ಳುವ ಮುಂಚೆಯೇ ಮುಚ್ಚಿದ್ದೆ. ಪ್ರಿಂಟ್ ತೆಗೆದು, ಬ್ಯಾಗನ್ನು ಮತ್ತೆ ಕುರ್ಚಿಯ ಮೇಲಿಟ್ಟು, ಪೆನ್‌ಡ್ರೈವ್ ಮರೆತು ಪ್ರಿನ್ಸಿಪಾಲರ ಮೀಟಿಂಗಿಗೆ ಓಡಿದ್ದೆ. ಮೀಟಿಂಗ್ ಮುಗಿಸಿ ಬಂದು ಅದನ್ನು ಕಿತ್ತುಕೊಂಡಾಗ ಹನ್ನೊಂದೂ ಹತ್ತು.

ಅಂದರೆ ಆ ಐವತ್ತು ನಿಮಿಷ ಯಾರೂ ಆಟ ಆಡಿರಲಿಲ್ಲ. ಜೆರಾಕ್ಸ್ ಅಂಗಡಿಯಿಂದ ವೈರಸ್ ಹೊತ್ತು ಬಂದ ಆಟವೊಂದು ಖಾಲಿ ಕುರ್ಚಿಯ ಮುಂದೆ ತನ್ನಷ್ಟಕ್ಕೆ ಓಡಿತ್ತು. ಅದನ್ನು ಓಡಿಸಿದ ಕೈ, ನಲವತ್ತೊಂದು ಜನರ ಫೈಲುಗಳಿಗೆ ಸೋಂಕು ತಂದ ಕೈ, ನನ್ನದು. ನೆಲದ ಮೇಲೇ ಕೂತುಬಿಟ್ಟೆ. ಏನಾಯ್ತೇ ಎಂದು ಅವರು ನೀರು ತಂದರು.

ಮುಖ ತೊಳೆದು, ಇದ್ದ ಸೀರೆಯಲ್ಲೇ ಹಲಗೂರಿನ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಭವ್ಯಳ ತಾಯಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದರು. "ಹುಳ ಹಣ್ಣಾಗೋ ಟೈಮು ಮೇಡಮ್ಮೋರೆ, ಒಳಕ್ಕೆ ಯಾರ್ನೂ ಬುಡಂಗಿಲ್ಲ. ಜಗ್ಲಿ ಮ್ಯಾಲೆ ಕುಂತ್ಕಳಿ" ಎಂದರು. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ, ಹುಳು ಬಲಿತು ಗೂಡು ಕಟ್ಟುವ ಹೊತ್ತಿಗೆ, ಹೊರಗಿನವರಿಂದ ರೋಗ ಬರುತ್ತದೆಂದು ಹಾಗೆ ಮಾಡುತ್ತಾರೆ. ಪೆನ್‌ಡ್ರೈವ್ ಇಟ್ಟುಕೊಂಡು ಲ್ಯಾಬಿಗೆ ನುಗ್ಗಿದವಳು ನಾನು. ಜಗಲಿಯ ಮೇಲೆ ಕೂತೆ.

ಭವ್ಯ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ನಾನು ಸುತ್ತಿ ಬಳಸದೆ, ಆಟ ಓಡಿದ್ದು ನನ್ನ ಪೆನ್‌ಡ್ರೈವ್‌ನಿಂದ, ತಪ್ಪು ನನ್ನದು ಎಂದು ಇಬ್ಬರ ಮುಂದೆಯೂ ಹೇಳಿದೆ. ತಾಯಿ ಸೊಪ್ಪಿನ ಕೈ ಒರೆಸಿಕೊಂಡು ನನ್ನ ಎದುರೇ ಕೂತರು.

"ನೀವು ಫೋನ್ ಮಾಡಿದ್ ದಿನ ಇವ್ಳಿಗೆ ವೊಡ್ದೆ ಮೇಡಮ್ಮೋರೆ. ನಾನಲ್ಲ ಕಣವ್ವ ಅಂತ ಬಡ್ಕೊಂಡ್ಲು. ಮೇಡಮ್ಮೋರು ಸುಳ್ಳು ಯೋಳ್ತಾರಾ ಅಂತ ಇನ್ನೆಲ್ಡು ಆಕ್ದೆ. ಒಂಬತ್ ದಿನದಿಂದ ನನ್ ಕುಟೆ ಮಾತಿಲ್ಲ. ಈಗ ಬಂದು ತಪ್ಪು ನಂದು ಅಂತೀರಿ. ಆ ಏಟ ನಾನು ಎಂಗೆ ವಾಪಸ್ ಇಸ್ಕೊಳ್ಳಿ?"

ಅಳು ಬಂತು, ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಭವ್ಯಳನ್ನು ಕೇಳಿದೆ, ರಿಜಿಸ್ಟರಿನಲ್ಲಿ ನಿನ್ನ ಸಹಿ ಹೇಗೆ ಬಂತು ಎಂದು. ಅವಳು ಮೆಲ್ಲಗೆ ಹೇಳಿದಳು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಆ ಹೊತ್ತಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಲಗೂರಿನಲ್ಲಿ ಮೊದಲೇ ಹತ್ತಿದ ಗೆಳತಿಯರಿಗೆ ಕಿಟಕಿಯಿಂದ ಬ್ಯಾಗು ಕೊಟ್ಟು ಸೀಟು ಹಿಡಿಸುವುದು ರೂಢಿ. ಆ ಮಂಗಳವಾರ ಬ್ಯಾಗು ಕೊಟ್ಟು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತು. ಬ್ಯಾಗು ಬಸ್ಸು ಹತ್ತಿತು, ಭವ್ಯ ಹತ್ತಲಿಲ್ಲ. ಗೆಳತಿಯರು ಲ್ಯಾಬಿನಲ್ಲೂ ಹಾಗೇ ಮಾಡಿದರು. ಅವಳ ಬ್ಯಾಗನ್ನು ಹದಿನಾಲ್ಕರ ಕುರ್ಚಿಗಿಟ್ಟು, ಹಾಜರಾತಿ ಹೋಗದಿರಲೆಂದು ಅವಳ ಹೆಸರಿನಲ್ಲಿ ಸಹಿ ಹಾಕಿದರು. ಅವಳು ಮುಂದಿನ ಬಸ್ಸಿಗೆ ಕಾಲೇಜು ತಲುಪಿದಾಗ ಹನ್ನೊಂದೂವರೆ.

"ಇದನ್ನ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಭವ್ಯ?"

"ಸಹಿ ಹಾಕ್ದೋರ ಹೆಸ್ರು ಕೇಳ್ತಿದ್ರಿ ಮೇಡಂ. ಸೀಟ್ ಹಿಡ್ದೋರ ಹೆಸ್ರು ಹೇಳ್ಬುಟ್ರೆ ನಾಳೆ ನಂಗೆ ಯಾರು ಸೀಟ್ ಹಿಡೀತಾರೆ?"

ಅಲ್ಲಿಂದಲೇ ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಅವರು ಮದ್ದೂರಿನ ತಮ್ಮ ಮನೆಯಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ತಾಂತ್ರಿಕ ದೋಷ ಅಂತ ಬರೆದುಕೊಡಿ ಸಾಕು. ಹಾಲ್ ಟಿಕೆಟ್ ಕೊಟ್ಟುಬಿಡೋಣ. ರಿಟೈರ್ ಆಗೋ ಹೊತ್ತಲ್ಲಿ ನಿಮ್ಮ ಹೆಸರು ಯಾಕೆ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಸುಳ್ಳೇಕೆ, ಒಂದು ಕ್ಷಣ ಅದು ನನಗೆ ರುಚಿಸಿತು. ಎದುರಿಗೆ ಆ ತಾಯಿ ಕೂತಿರದಿದ್ದರೆ ಹೂಂ ಎನ್ನುತ್ತಿದ್ದೆನೇನೋ. "ಇಲ್ಲ ಸರ್, ನನ್ನ ಹೆಸರೇ ಬರೀತೀನಿ" ಎಂದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬರೆದುಕೊಟ್ಟೆ. ಪೆನ್‌ಡ್ರೈವ್ ನನ್ನದು, ತೆರೆದವಳು ನಾನು, ಪರೀಕ್ಷಿಸದೆ ವಿದ್ಯಾರ್ಥಿನಿಯ ಮೇಲೆ ಆರೋಪ ಹೊರಿಸಿದವಳು ನಾನು. ಅದನ್ನೇ ನಲವತ್ತೊಂದು ಜನರ ಮುಂದೆ ಲ್ಯಾಬಿನಲ್ಲಿ ಗಟ್ಟಿಯಾಗಿ ಓದಿದೆ. ಆಮೇಲೆ ನನಗೆ ಮೆಮೊ ಬಂತು, ಬರಬೇಕಾದದ್ದೇ. ಒಂಬತ್ತು ದಿನ ಕಂಪ್ಯೂಟರ್ ಮುಟ್ಟದಿದ್ದ ಭವ್ಯ, ಪ್ರೋಗ್ರಾಮುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದು ಅಭ್ಯಾಸ ಮಾಡಿದ್ದಳು. ಪರೀಕ್ಷೆಗೆ ಬಾರದೆ ಇರುವ ಯೋಚನೆ ಅವಳಿಗೆ ಇದ್ದಂತೆ ಕಾಣಲಿಲ್ಲ. ಮಂಡ್ಯದಿಂದ ಬಂದ ಪರೀಕ್ಷಕರು ಅವಳ ಕೆಲಸ ನೋಡಿ ಎರಡು ಪ್ರಶ್ನೆ ಹೆಚ್ಚಿಗೆ ಕೇಳಿ, ತಲೆಯಾಡಿಸಿ ಮುಂದೆ ಹೋದರು.

ಎಲ್ಲ ಮುಗಿದು ಲ್ಯಾಬು ಖಾಲಿಯಾದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು. ಹೆಗಲಲ್ಲಿ ಅದೇ ಮೆರೂನ್ ಬ್ಯಾಗು.

"ಮೇಡಂ, ವಿಚಾರಣೆ ದಿನ ಒಂದ್ ಮಾತು ಕೇಳ್ಬೇಕು ಅನ್ಸಿತ್ತು. ಧೈರ್ಯ ಬರ್ಲಿಲ್ಲ."

"ಏನು, ಕೇಳು."

"ಹದಿನಾಲ್ಕರ ಕುರ್ಚಿ ಮೇಲೆ ನನ್ ಬ್ಯಾಗ್ ನೋಡ್ದೆ ಅಂದ್ರಲ್ಲ. ಬ್ಯಾಗ್ ಕುರ್ಚಿ ಮೇಲಿದ್ರೆ, ನಾನ್ ಎಲ್ಲಿ ಕೂತಿದ್ದೆ ಮೇಡಂ?"

ಅವತ್ತು ಅವಳ ತುಟಿಯವರೆಗೆ ಬಂದು ನಿಂತದ್ದು ಈ ಪ್ರಶ್ನೆ. ಲಾಗ್ ಇದ್ದದ್ದು ನನ್ನ ಕೈಯಲ್ಲಿ, ರಿಜಿಸ್ಟರ್ ನನ್ನ ಕೈಯಲ್ಲಿ, ಕಣ್ಣಾರೆ ಕಂಡವಳೂ ನಾನೇ. ಆದರೂ ಅದು ನನಗೆ ಹೊಳೆಯಲಿಲ್ಲ, ಪ್ರಿನ್ಸಿಪಾಲರಿಗೂ ಹೊಳೆಯಲಿಲ್ಲ. ಹೊಳೆದವಳಿಗೆ ನನ್ನ ಮುಖ ನೋಡಿ ಬಾಯಿ ಕಟ್ಟಿತು. ಇಪ್ಪತ್ತಾರು ವರ್ಷ ನಾನು ಜೋಪಾನವಾಗಿ ಬೆಳೆಸಿಕೊಂಡಿದ್ದ ಕೋಪ ಮಾಡಿದ ಕೆಲಸ ಅದು.

ಆ ರಿಜಿಸ್ಟರಿನಲ್ಲಿ ಅಲ್ಲಿಯವರೆಗೆ ಎಲ್ಲರ ಸಹಿಯೂ ಇತ್ತು, ನನ್ನದು ಮಾತ್ರ ಇರಲಿಲ್ಲ. ಮಾರನೇ ದಿನದಿಂದ ನಿವೃತ್ತಿಯಾಗುವವರೆಗೂ ಪ್ರತಿ ಪುಟದ ಮೊದಲ ಸಾಲಿನಲ್ಲಿ ನನ್ನ ಹೆಸರು, ಕಂಪ್ಯೂಟರ್ ಸಂಖ್ಯೆ, ಬಂದ ಹೊತ್ತು ಬರೆದು ಸಹಿ ಹಾಕಿದೆ. ಯಾರನ್ನಾದರೂ ಕರೆದು ಕೇಳುವ ಮುಂಚೆ ಆ ಮೊದಲ ಸಾಲನ್ನು ಓದಿಕೊಳ್ಳುತ್ತಿದ್ದೆ. ಕೇಳಿದ ಮೇಲೆ ಎದುರಿಗಿದ್ದವರ ತುಟಿ ಅಲುಗಿದರೆ, ಅವರು ಮಾತಾಡುವವರೆಗೆ ಸುಮ್ಮನೆ ಕಾಯುತ್ತಿದ್ದೆ.