ಅರ್ಧ ಹೇಳದ ಹುಡುಗಿ

ಕಂಪ್ಯೂಟರ್ ಕೆಟ್ಟಿತ್ತು ಅಂತ ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ಅದು ಕೂಗಿಕೊಳ್ಳುವಾಗ ಬಾಯಿ ಮುಚ್ಚಿಸಿದರು. ಮುಚ್ಚಿಸೆಂದವನು ಜಾರಿಕೊಳ್ಳಲು ನೋಡಿದ, ಹುಡುಗಿ ನೌಕರಿ ಕಳಕೊಂಡಳು. ನಡೆದದ್ದು ಇಷ್ಟೇ.

ಆ ಹುಡುಗಿಯ ಎಡಗಾಲ ಚಪ್ಪಲಿಯ ಉಂಗುಟ ಹರಿದಿತ್ತು, ಅದಕ್ಕೆ ಕಂಪ್ಯೂಟರಿನ ನೀಲಿ ವಾಯರು ಸುತ್ತಿಕೊಂಡಿದ್ದಳು. ರಾಯಾಪುರದ ನಮ್ಮ ಮನೆಯ ಕೆಳಗಿನ ಭಾಗವನ್ನು ಒಂದು ಕಂಪ್ಯೂಟರ್ ಆಫೀಸಿಗೆ ಬಾಡಿಗೆ ಕೊಟ್ಟಿದ್ದೆವು. ಅವಳು ಅಮ್ಮಿನಬಾವಿಯಿಂದ ಬಸ್ಸಿಗೆ ಬಂದು ಅಲ್ಲಿ ಜಾವಾ ಅನ್ನುವುದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಚಪ್ಪಲಿ ನನ್ನ ಮೆಟ್ಟಿಲ ಮೇಲೆ, ಅವಳು ಕುರ್ಚಿಯ ಮೇಲೆ ಚಕ್ಕಳಮಕ್ಕಳ. ಮಧ್ಯಾಹ್ನ ಡಬ್ಬಿ ಹಿಡಿದು ಮೇಲೆ ಬಂದು ಮಜ್ಜಿಗೆ ಕೇಳುವಳು.

"ದಿನಾ ಏನ್ ಮಾಡ್ತಿಯವ್ವ ಅಲ್ಲಿ?"

"ಮಾಡೂದು ಸ್ವಲ್ಪ ರೀ ಅಜ್ಜಿ, ತಪ್ಪು ಹುಡುಕೂದು ಭಾಳ."

"ಹಂಗಾರ ಅತ್ತಿ ಆಗಾಕ ಛಲೋ ಇದ್ದಿ."

ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಯಲ್ಲಿ ಯಾವ ರೋಗಿ ಯಾವ ಕಾಟಿನ ಮೇಲೆ ಅನ್ನುವುದನ್ನೆಲ್ಲ ಈ ಕೆಳಗಿನ ಆಫೀಸಿನವರ ಪ್ರೋಗ್ರಾಮೇ ನೋಡುತ್ತಿತ್ತು. ನಮ್ಮ ಮನೆಯವರಿಗೆ ಹೊಟ್ಟೆಯ ಆಪರೇಷನ್ ಆದದ್ದೂ ಅಲ್ಲೇ. ಒಂದು ಮುಂಜಾನೆ ಅವರನ್ನು ಮೇಲಿನ ವಾರ್ಡಿಗೆ ಬದಲಿಸುತ್ತೇವೆ ಅಂದರು. ನಾನು ಮನೆಗೆ ಹೋಗಿ ಗಂಜಿ ತರುವಷ್ಟರಲ್ಲಿ ಹಳೆ ಕಾಟಿನಲ್ಲಿ ಬೇರೆ ಯಾರೋ. ಮೇಲಿನ ನರ್ಸು "ಆ ಹೆಸರ ನಮ್ಮಲ್ಲಿಲ್ಲ" ಅಂದಳು. ಕೆಳಗಿನವಳು "ಇಲ್ಲಿಂದ ಹೋಗ್ಯಾರ" ಅಂದಳು.

"ಮನಷಾ ಏನ್ ಹೊಗಿ ಆದನೇನು?" ಅಂತ ಒದರಿದೆ.

ಕೌಂಟರಿನವನು ಪರದೆ ನೋಡಿ, "ಕಂಪ್ಯೂಟರಿನ್ಯಾಗ ಎಲ್ಲಾ ಬರೋಬರಿ ಐತ್ರಿ" ಅಂದ. ಅವನ ಮುಖಕ್ಕಿಷ್ಟು ಬೆಂಕಿ ಹಾಕ.

ಅವನಿಂದಲೇ ನಮ್ಮ ಕೆಳಗಿನ ಆಫೀಸಿಗೆ ಫೋನು ಹಚ್ಚಿಸಿದೆ. ಹುಡುಗಿ ಆಟೋದಲ್ಲಿ ಬಂದಳು. ಎಲ್ಲರೂ ಪರದೆ ತೋರಿಸಿದರೆ, ಅವಳು ನೋಡಲಿಲ್ಲ. "ಮೊದಲ ಮನಷಾರ, ಆಮ್ಯಾಲ ಪರದಿ" ಅಂದು ವಾರ್ಡು ವಾರ್ಡು ತಿರುಗಿದಳು. ಮೇಲಿನ ವಾರ್ಡಿಗೆ ಒಯ್ಯುವಾಗ ದಾರಿಯಲ್ಲೇ ಬಿಟ್ಟು ಹೋಗಿದ್ದ ನಮ್ಮವರು ಎಕ್ಸರೇ ಕೋಣೆಯ ಮುಂದೆ, ಸ್ಟ್ರೆಚರಿನ ಮೇಲೆ, ತುಟಿ ಒಣಗಿ ಬಿದ್ದಿದ್ದರು. ಯಾವ ವಾರ್ಡಿನಲ್ಲೂ ಹೆಸರಿಲ್ಲವೆಂದು ಯಾರೂ ಇಂಜಕ್ಷನ್ ಕೊಟ್ಟಿರಲಿಲ್ಲ.

ಸಂಜೆ ಹುಡುಗಿ ನಮ್ಮ ಮೆಟ್ಟಿಲ ಮೇಲೆ ಕೂತು ನನಗೆ ತಿಳಿಸಿ ಹೇಳಿದಳು. "ಹೆಸರಿಡೋ ದಿನ ಕೂಸಿನ್ನ ತೊಟ್ಟಿಲದ ಕೆಳಗ, ಮ್ಯಾಲ ದಾಟಸ್ತೀರಲ್ಲ, ಒಬ್ಬಾಕಿ ಕೊಡ್ತಾಳ, ಇನ್ನೊಬ್ಬಾಕಿ ತಗೋತಾಳ. ಆಕಿ ಕೈಗೆ ಸಿಗಲಿಲ್ಲಂದ್ರ?"

"ಕೊಡೋವಾಕಿ ಹಿಂದಕ್ಕ ತಗೋಬೇಕು. ಬಿಟ್ಟರ ಕೂಸು ನೆಲಕ್ಕ."

"ಇದೂ ಅಷ್ಟ ನೋಡ್ರಿ. ಹಳೇ ಕಾಟು ಬಿಡೂದು, ಹೊಸಾದು ಹಿಡಿಯೂದು, ಎರಡೂ ಆದ್ರನ ಪಕ್ಕಾ. ಒಂದು ತಪ್ಪಿದ್ರ ಎರಡೂ ರದ್ದು. ಆದ್ರ ತಪ್ಪಿದಾಗ ಪ್ರೋಗ್ರಾಂ ಕೂಗಬೇಕು. ಆ ಕೂಗು ಕೇಳೇ ಹಿಂದಕ್ಕ ತಗೊಳ್ಳೂದು. ಕೂಗಿದ್ರ ಪರದಿ ಮ್ಯಾಲ ಕೆಂಪು ಅಕ್ಷರ ಬರ್ತಾವ. ಗಿರಾಕಿ ಅಂಜತಾರ, ಕೂಗು ನುಂಗಿಸು ಅಂದ್ರು ನಮ್ಮ ಆಫೀಸಿನ ಸಾಹೇಬ್ರು. ಬ್ಯಾಡ್ರಿ ಅಂದೆ. ಕೇಳಲಿಲ್ಲ."

"ನುಂಗಿಸಿದವರ್ಯಾರು?"

"ನಾನ ರೀ."

ನನಗೆ ಅವಳ ಮೇಲೂ ಸಿಟ್ಟು ಬಂತು. ಯಾಕೆ ಮುಚ್ಚಿಡಲಿ. ಆದರೆ ಆ ಮಧ್ಯಾಹ್ನವೇ ಆ ನುಂಗಿಸಿದ್ದನ್ನು ತೆಗೆದು, ಬೇಕಂತಲೇ ಹೊಸ ಕಾಟು ತಪ್ಪಿಸಿ ನೋಡಿದ್ದಳು. ಕೆಂಪಕ್ಷರ ಬಂತಂತೆ, ಹೆಸರು ಹಳೆ ಕಾಟಿಗೇ ತಿರುಗಿ ಬಂತಂತೆ.

ಅಷ್ಟರಲ್ಲಿ ಸಾಹೇಬ ಹೊರಗೆ ಬಂದ. ಇಸ್ತ್ರಿ ಮುರಿಯದ ಅಂಗಿ. "ನಾಳೆ ದವಾಖಾನಿಯವರ ಮುಂದ ನಂದ ತಪ್ಪು ಅಂತ ಹೇಳಿಬಿಡು. ನೌಕರಿ ಉಳೀತದ."

"ಕೈ ನಂದು, ಹುಕುಂ ನಿಮ್ಮದು. ಎರಡೂ ಹೇಳತೇನಿ. ಅರ್ಧಾ ಹೇಳಂಗಿಲ್ರಿ."

"ಹಂಗಾರ ನಾಳಿಂದ ಬರಬ್ಯಾಡ."

ಅವಳು ಅಳಲಿಲ್ಲ. ಚಪ್ಪಲಿಯ ವಾಯರು ಬಿಗಿ ಮಾಡಿಕೊಂಡು ಬಸ್ಸಿಗೆ ನಡೆದಳು. ಈಗ ಧಾರವಾಡದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ ಅಂತ ಕೇಳಿದ್ದೇನೆ. ನಮ್ಮವರು ಆಮೇಲೆ ಬಹಳ ವರ್ಷ ಬದುಕಿದರು, ಸಾಯುವತನಕ ಅವಳನ್ನು "ನನ್ನ ಹುಡುಕಿದಾಕಿ" ಅನ್ನುತ್ತಿದ್ದರು. ಆ ಋಣ ನನ್ನ ತಲೆಯ ಮೇಲಿದೆ, ಇರಲಿ.

ಅವಳನ್ನು ಬಿಡಿಸಿದ ಮರುದಿನ ಮುಂಜಾನೆ ಬಾಗಿಲಿಗೆ ನೀರು ಹೊಡೆದು, ಸಾಹೇಬ ಬರುವ ಮೊದಲೇ ಅವನ ಬೋರ್ಡು ಬಿಚ್ಚಿ ಗಟಾರದ ಪಕ್ಕ ಒರಗಿಸಿದೆ. ಅವನು ಕಾರಿನಿಂದ ಇಳಿದು ಬೋರ್ಡು ಎತ್ತಲು ಹೋದ.

"ಮನಿ ಖಾಲಿ ಮಾಡು" ಅಂದೆ.

"ಹಿಂಗ ಏಕದಂ ಅಂದ್ರ ಇಷ್ಟು ಸಾಮಾನು ಎಲ್ಲಿ ಇಡಲಿ ರೀ ಅಜ್ಜಿ?"

"ಎಕ್ಸರೇ ಕೋಣಿ ಮುಂದ ಜಾಗಾ ಐತಿ. ಅಲ್ಲಿಟ್ಟರ ಯಾರೂ ಕೇಳಂಗಿಲ್ಲ."