ಏರಿನ ನಡುವೆ ನಿಂತ ಗಾಡಿ

ಆ ಭಾನುವಾರ ಮಧ್ಯಾಹ್ನ ಮೈದಾನದ ಗೇಟು ದಾಟಿ ಒಳಗೆ ಹೋದವರು ನಾವು ನಾಲ್ವರು. ಅಕ್ಕ, ಅಕ್ಕನ ಏಳು ವರ್ಷದ ಮಗಳು, ಊರಿನಿಂದ ಬಂದಿದ್ದ ಅಕ್ಕನ ಮಾವ, ಮತ್ತು ನಾನು. ಭಾವ ಬಂದಿರಲಿಲ್ಲ. ಬುಧವಾರ ತಮ್ಮ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಜೆ ಹಾಕಿದ್ದರಿಂದ, ಆ ದಿನದ ಕಚೇರಿ ಕೆಲಸವನ್ನೂ ಮುಗಿಸಿಡಬೇಕೆಂದು ಮನೆಯಲ್ಲೇ ಫೈಲುಗಳ ಮುಂದೆ ಕೂತಿದ್ದರು. ಹೊರಡುವಾಗ ಬಾಗಿಲಿಗೆ ಬಂದು ನನಗೊಬ್ಬನಿಗೇ ಹೇಳಿದರು: "ಅಪ್ಪಯ್ಯನ ಪಕ್ಕ ಬಿಟ್ಟು ಕದಲಬೇಡ. ಆಯಾಸ ಆಗುವ ಹಾಗೆ ಎಂತದೂ ಮಾಡಿಸಬೇಡ."

ಎಪ್ಪತ್ತರ ದಶಕದ ಒಂದು ಚಳಿಗಾಲ ಅದು. ದಿಲ್ಲಿಯ ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ ಭಾವನ ಮನೆ. ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡು ನಾನು ಎರಡು ವರ್ಷದಿಂದ ಅಲ್ಲೇ ಇದ್ದೆ. ಮದುವೆಯಾಗದ, ಹೊಸದಾಗಿ ಗುಮಾಸ್ತೆ ಕೆಲಸ ಸಿಕ್ಕಿದ ತಮ್ಮ ಅಕ್ಕನ ಮನೆಯಲ್ಲಿರುವುದು ಆಗ ದೊಡ್ಡ ವಿಷಯವೇನಲ್ಲ. ಆದರೂ ಅದು ಅಕ್ಕನ ಮನೆಗಿಂತ ಹೆಚ್ಚಾಗಿ ಭಾವನ ಮನೆ ಎಂಬುದು ನನಗೆ ಪ್ರತಿ ತುತ್ತಿಗೂ ನೆನಪಿರುತ್ತಿತ್ತು.

ಅಕ್ಕನ ಮಾವನನ್ನು ನಾನು ಮಾವಯ್ಯ ಎಂದೇ ಕರೆಯುತ್ತಿದ್ದೆ. ಕರಾವಳಿಯ ಹೊಳೆಗಳಿಗೆ ಸೇತುವೆ ಬರುವ ಮುಂಚೆ, ಬಸ್ಸಿನಿಂದ ಇಳಿದವರನ್ನು ದೋಣಿ ಹತ್ತಿಸಿ ಆಚೆ ದಡದ ಬಸ್ಸಿಗೆ ಸೇರಿಸುವ ಏಜೆಂಟರಾಗಿ ಮೂವತ್ತು ವರ್ಷ ಕಡವಿನಲ್ಲಿ ನಿಂತವರು. ಅವರು ಮಾತಿಗೆ ಕೂತರೆ ಕೇಳಬೇಕು ನೋಡಿ. ಒಂದು ಮಳೆಗಾಲದ ಕತೆ ಮುಗಿಸಲು ಅವರಿಗೆ ಎರಡು ಲೋಟ ಕಾಫಿ ಬೇಕು. ನನಗೇನಾದರೂ ನಾಲ್ಕು ಮಾತು ನೆಟ್ಟಗೆ ಹೇಳಲು ಬರುತ್ತದೆ ಎಂದಾದರೆ ಅದು ಅವರಂಥ ಹಿರಿಯರ ಕಾಲಬುಡದಲ್ಲಿ ಕೂತು ಕಲಿತದ್ದು. ಈಗ ಅವರಿಗೆ ಎದೆನೋವು. ನೋವು ಬಂದ ಕ್ಷಣ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಊರಿನ ಡಾಕ್ಟರು ಸಣ್ಣ ಬಿಳಿ ಮಾತ್ರೆ ಕೊಟ್ಟಿದ್ದರು. ಸೀಸೆಯ ಮುಚ್ಚಳ ತಿರುಗಿಸಲು ಬೆರಳಿಗೆ ಬಲ ಸಾಲದು ಎಂದು ಮಾವಯ್ಯ ಆ ಮಾತ್ರೆಗಳನ್ನು ತಮ್ಮ ಹಳೆಯ ನಸ್ಯದ ಡಬ್ಬಿಗೆ ಸುರಿದುಕೊಂಡಿದ್ದರು. ನಸ್ಯವನ್ನು ಡಾಕ್ಟರು ಬಿಡಿಸಿ ಎರಡು ತಿಂಗಳಾಗಿತ್ತು. ಡಬ್ಬಿ ಮಾತ್ರ ಕೋಟಿನ ಜೇಬು ಬಿಟ್ಟಿರಲಿಲ್ಲ. ಅದರೊಳಗಿರುವುದು ಮಾತ್ರೆ ಎಂದು ಅಂದು ಬೆಳಿಗ್ಗೆ ಮುಚ್ಚಳ ತೆಗೆದು ನನಗೆ ತೋರಿಸಿದ್ದರು. ಅಕ್ಕನಿಗೆ ತೋರಿಸಿರಲಿಲ್ಲ.

ಇನ್ನು ನನ್ನ ಹುಚ್ಚಿನ ವಿಷಯ. ರಿಂಗ್ ರೋಡಿನ ಆಚೆ, ಯಾವುದೋ ಕಟ್ಟಡಕ್ಕೆಂದು ಖಾಲಿ ಬಿಟ್ಟಿದ್ದ ಮೈದಾನದಲ್ಲಿ ಚಳಿಗಾಲಕ್ಕೆ ಒಂದು ಪುಟ್ಟ ಆಟದ ಪಾರ್ಕು ಬಂದು ಕೂರುತ್ತಿತ್ತು. ಮರದ ಕುದುರೆಗಳ ತಿರುಗಣಿ, ಒಂದು ತಿರುಗುವ ತೊಟ್ಟಿಲು, ಬಲೂನಿಗೆ ಗುರಿ ಇಡುವ ಅಂಗಡಿ. ಇವುಗಳ ಹಿಂದೆ, ಮರದ ಕಂಬಗಳ ಮೇಲೆ ಕಬ್ಬಿಣದ ಹಳಿ ಹಾಸಿದ, ಮೂರು ಮಾಳಿಗೆ ಎತ್ತರದ ರೋಲರ್ ಕೋಸ್ಟರ್. ಎಲ್ಲರೂ ಅದನ್ನು 'ಪಹಾಡಿ ಗಾಡಿ', ಗುಡ್ಡದ ಗಾಡಿ, ಎನ್ನುತ್ತಿದ್ದರು. ಮೂರೇ ಬೋಗಿ, ಒಂದೊಂದರಲ್ಲಿ ಇಬ್ಬರು. ಸರಪಳಿ ಎಳೆದು ತುದಿಗೆ ಮುಟ್ಟಿಸುತ್ತದೆ, ಆಮೇಲೆ ಎಲ್ಲ ಭೂಮಿಯ ಸೆಳೆತದ ಕೆಲಸ. ಆ ಗಾಡಿಯನ್ನು ನಾನು ಪ್ರೀತಿಸುತ್ತಿದ್ದೆ ಎಂದರೆ ಹೆಚ್ಚಾಗುವುದಿಲ್ಲ. ಬೆಳಗಿನ ಚಳಿಗೆ ಗ್ರೀಸು ಗಟ್ಟಿಯಾಗಿ ಅದು ಹೇಗೆ ಮುನಿಸಿಕೊಂಡವರಂತೆ ನಿಧಾನವಾಗಿ ಓಡುತ್ತದೆ, ಮೂರು ಗಂಟೆಯ ಬಿಸಿಲಿಗೆ ಹೇಗೆ ಹಗುರಾಗುತ್ತದೆ, ಎರಡನೆಯ ತಿರುವಿನಲ್ಲಿ ಯಾವ ಹಲಗೆ ನರಳುತ್ತದೆ, ಎಲ್ಲ ನನಗೆ ಗೊತ್ತಿತ್ತು. ಹದಿನೈದು ದಿನದಿಂದ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಮಾವಯ್ಯನ ಮುಂದೆ ಬಣ್ಣಿಸಿದ್ದೆ. ಅವರು ಕಡವಿನ ಕತೆ ಹೇಳಿದರೆ ನಾನು ಪಹಾಡಿ ಗಾಡಿಯ ಕತೆ.

ಬೆಂಚಿನ ಮೇಲೆ ಮಾವಯ್ಯನನ್ನು ಕೂರಿಸಿ, ಶಾಲು ಹೊದಿಸಿ, "ಇಲ್ಲೇ ಇರಿ ಮಾವ, ಇವಳನ್ನೊಂದು ಸುತ್ತು ಕುದುರೆ ಹತ್ತಿಸಿ ಬರ್ತೇನೆ" ಎಂದು ಅಕ್ಕ ಮಗಳನ್ನು ಕರೆದುಕೊಂಡು ಹೋದಳು. ಅವಳ ಬೆನ್ನು ಜನರೊಳಗೆ ಮರೆಯಾದದ್ದೇ ತಡ, ಮಾವಯ್ಯ ಎದ್ದು ನಿಂತರು.

"ನಡಿ ಮಾಣಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳ್ತಾನೆ! ಹದಿನೈದು ದಿನ ಕಿವಿ ತೂತು ಮಾಡಿದ್ದೀಯಲ್ಲ, ಅಲ್ಲಿಗೆ."

"ಬೇಡ ಮಾವಯ್ಯ. ಭಾವ ನನ್ನನ್ನು ಕೊಂದೇ ಹಾಕ್ತಾರೆ."

"ಅವ ನಿನಗೆ ಭಾವ, ನನಗೆ ಮಗ. ನೆರೆ ಹೊಳೆಯಲ್ಲಿ ಗರ್ಭಿಣಿಯರನ್ನು ದಾಟಿಸಿದವ ನಾನು. ಈ ಮಕ್ಕಳ ಗಾಡಿಗೆ ಹೆದರುವುದುಂಟಾ? ಮೆಟ್ಟಿಲು ಎಷ್ಟು?"

"ಆರು."

"ಆರಲ್ವಾ, ಅಷ್ಟೇ!"

ಬೇಡವೆಂದು ಇನ್ನೊಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಆ ಗಾಡಿಯನ್ನು ಅವರಿಗೆ ತೋರಿಸುವ ಆಸೆ ಅವರಿಗಿಂತ ನನಗೇ ಹೆಚ್ಚಿತ್ತು.

ಗಾಡಿ ಹತ್ತುವ ಮುಂಚೆ ಅಲ್ಲೊಂದು ಕಟ್ಟಳೆ. ಇಳಿಜಾರಿನಲ್ಲಿ ಪೆನ್ನು, ಕನ್ನಡಕ, ಚಿಲ್ಲರೆ ಎಲ್ಲ ಹಾರಿಹೋಗುತ್ತವೆಂದು ಗಾಡಿ ಬಿಡುವವನು ಒಂದು ಬೆತ್ತದ ಬುಟ್ಟಿ ಹಿಡಿದು ಬರುತ್ತಿದ್ದ. "ಜೇಬ್ ಖಾಲಿ, ಜೇಬ್ ಖಾಲಿ!" ಎಂದು ಅವನು ಕೂಗುವುದರೊಳಗೆ ನಾನು ನನ್ನದನ್ನೆಲ್ಲ ಬುಟ್ಟಿಗೆ ಹಾಕಿ, ಹಳೆಯ ಗಿರಾಕಿಯ ಠೀವಿಯಲ್ಲಿ ಮಾವಯ್ಯನ ಕೋಟಿಗೂ ಕೈ ಹಾಕಿದೆ. ಕನ್ನಡಕ ತೆಗೆದೆ, ಕರವಸ್ತ್ರ ತೆಗೆದೆ, ಡಬ್ಬಿ ತೆಗೆದೆ. ಎಲ್ಲವನ್ನೂ ಬುಟ್ಟಿಗೆ ಹಾಕಿದೆ. ಬುಟ್ಟಿ ಕೆಳಗೆ ಸ್ವಿಚ್ಚಿನ ಗೂಡಿಗೆ ಹೋಯಿತು. ನಾವು ಮುಂದಿನ ಬೋಗಿಯಲ್ಲಿ, ಹಿಂದಿನದರಲ್ಲಿ ಇಬ್ಬರು ಕಾಲೇಜು ಹುಡುಗರು. ಮೊಣಕಾಲಿನ ಮೇಲೆ ಕಬ್ಬಿಣದ ಅಡ್ಡಪಟ್ಟಿ ಬಿತ್ತು. ಗಾಡಿ ಏರತೊಡಗಿತು.

ಟಕ್, ಟಕ್, ಟಕ್.

"ಇದೆಂತ ಶಬ್ದ?"

"ಸರಪಳಿಯದ್ದಲ್ಲ ಮಾವಯ್ಯ. ಗಾಡಿಯ ಅಡಿಯಲ್ಲಿ ಒಂದು ಕಬ್ಬಿಣದ ನಾಲಗೆ ಉಂಟು. ಹಳಿಯ ನಡುವಿನ ಹಲ್ಲುಗಳ ಮೇಲೆ ಅದು ಒಂದೊಂದಾಗಿ ಬೀಳ್ತಾ ಹೋಗ್ತದೆ. ಸರಪಳಿ ಕಡಿದರೂ ಗಾಡಿ ಹಿಂದೆ ಜಾರುವುದಿಲ್ಲ."

"ಭಲೆ!" ಎಂದರು. ಅವರ ಮುಖ ನೋಡಿ ನನಗೆ ಹೆಮ್ಮೆಯಾಯಿತು.

ತುದಿಗೆ ಇನ್ನು ಐದಾರು ಮಾರು ಇದೆ ಎನ್ನುವಾಗ ಶಬ್ದ ನಿಂತಿತು. ಕೆಳಗೆ ಬಡಿದುಕೊಳ್ಳುತ್ತಿದ್ದ ಧ್ವನಿವರ್ಧಕವೂ ಹಾಡಿನ ನಡುವೆಯೇ ನಿಂತಿತು. ಕುದುರೆಗಳು ನಿಧಾನವಾಗಿ ನಿಂತವು. ಇಡೀ ಮೈದಾನದಿಂದ "ಬಿಜಲೀ ಗಯೀ!" ಎಂಬ ಕೂಗು ಎದ್ದಿತು. ಆ ವರ್ಷಗಳ ದಿಲ್ಲಿಯಲ್ಲಿ ಕರೆಂಟು ಹೋಗುವುದೇನು ಹೊಸತಲ್ಲ. ಹತ್ತು ನಿಮಿಷವೂ ಆಗಬಹುದು, ಎರಡು ಗಂಟೆಯೂ ಆಗಬಹುದು.

ಕಾಲೇಜು ಹುಡುಗರು ಅಡ್ಡಪಟ್ಟಿಯೊಳಗಿಂದ ನುಸುಳಿ ಹಳಿಯ ಪಕ್ಕದ ಕಿರಿದಾದ ಹಲಗೆಮೆಟ್ಟಿಲ ಮೇಲೆ ಇಳಿದರು. "ಚಲೋ ಅಂಕಲ್, ಪೈದಲ್ ಯಾತ್ರಾ!" ಎಂದು ನಗುತ್ತಾ ನಡೆದೇ ಇಳಿದುಹೋದರು. ಅವರ ಹೆಜ್ಜೆಗೆ ಕಂಬಗಳೆಲ್ಲ ನಡುಗಿದವು. ಮಾವಯ್ಯ ಅದಕ್ಕೊಂದು ಮಾತು ತಿರುಗಿಸಿ ಕೊಡುತ್ತಾರೆಂದು ಕಾದೆ. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಿರುಗಿ ನೋಡಿದರೆ ಶಾಲಿನೊಳಗೆ ಬಲಗೈ ಎದೆಯ ಮೇಲಿತ್ತು. ಆ ಚಳಿಯಲ್ಲೂ ಹಣೆಯ ಮೇಲೆ ಬೆವರು.

"ಮಾಣಿ, ಡಬ್ಬಿ ಕೊಡು."

ಡಬ್ಬಿ ಬುಟ್ಟಿಯಲ್ಲಿತ್ತು. ನಾನೇ, ನನ್ನ ಕೈಯಾರೆ ಹಾಕಿದ್ದೆ.

ಅವರನ್ನು ಬಿಟ್ಟು ಇಳಿದು ಹೋಗಿ ತರಲೇ? ಅಷ್ಟರಲ್ಲಿ ಕರೆಂಟು ಬಂದರೆ? ಮೋಟರಿನ ಸ್ವಿಚ್ಚು ಹಾಕಿಯೇ ಇತ್ತು. ಗಾಡಿ ಬಿಡುವವನು ಗೂಡಿನಲ್ಲಿ ಕಾಣಲಿಲ್ಲ, ಚಹಾಕ್ಕೆ ಹೋಗಿರಬೇಕು. ಕರೆಂಟು ಬಂದ ಕ್ಷಣ ಸರಪಳಿ ಎಳೆಯುತ್ತದೆ, ಐದಾರು ಮಾರು ಏರಿದರೆ ಮುಂದೆ ಇಳಿಜಾರು. ಎದೆ ಹಿಡಿದುಕೊಂಡ ಮುದುಕರೊಬ್ಬರೇ ಆ ಇಳಿಜಾರಿನಲ್ಲಿ. ಕರೆಂಟು ಬರದಿದ್ದರೆ ಮಾತ್ರೆ ಇಲ್ಲ, ಬಂದರೆ ಇಳಿಜಾರು. ಅವರಿಗೇನಾದರೂ ಆದರೆ ಆ ಮನೆಯಲ್ಲಿ ಅಕ್ಕ ಮುಂದೆ ಯಾವ ಮುಖ ಇಟ್ಟುಕೊಂಡು ಬಾಳುತ್ತಾಳೆ? 'ನಿನ್ನ ತಮ್ಮ' ಎಂಬ ಎರಡು ಪದ ಅವಳ ಆಯುಷ್ಯವಿಡೀ ಸಾಕು. ಇದೆಲ್ಲ ಯೋಚಿಸಿದ್ದು ಎರಡು ಉಸಿರಿನಷ್ಟು ಹೊತ್ತಿನಲ್ಲಿ.

ಕೆಳಗೆ ಅಕ್ಕ ಖಾಲಿ ಬೆಂಚು ನೋಡಿ ಗಾಬರಿಯಿಂದ ಸುತ್ತ ಹುಡುಕುತ್ತಿದ್ದಳು. ಮೇಲೆ ಸಿಕ್ಕಿಕೊಂಡ ನಮ್ಮನ್ನು ಮೊದಲು ಕಂಡುಹಿಡಿದದ್ದು ಮಗಳು. "ಮಮ್ಮೀ, ಅಜ್ಜ ಊಪರ್! ಅಜ್ಜ ಅಟಕ್ ಗಯೇ!"

"ಅಕ್ಕಾ!" ಎಂದು ಕಿರುಚಿದೆ. "ಗೂಡಿನಲ್ಲಿ ಬುಟ್ಟಿ ಉಂಟು. ಅದರಲ್ಲಿ ಮಾವಯ್ಯನ ನಸ್ಯದ ಡಬ್ಬಿ. ಯಾರ ಕೈಲಾದರೂ ಬೇಗ ಮೇಲೆ ಕಳಿಸು!"

ಅವಳು ಸೆರಗು ಬಿಗಿದು ಗೂಡಿಗೆ ಓಡಿದಳು, ಬುಟ್ಟಿಯಿಂದ ಡಬ್ಬಿ ತೆಗೆದಳು, ತೆಗೆದವಳು ಅಲ್ಲೇ ನಿಂತಳು. ತಲೆ ಎತ್ತಿ ಕೂಗಿದಳು: "ನಿನಗೆ ಬುದ್ಧಿ ಉಂಟಾ? ಡಾಕ್ಟರು ನಸ್ಯ ಮುಟ್ಟಬಾರದು ಅಂದಿದ್ದಾರೆ! ಮಾವ, ದಮ್ಮಯ್ಯ, ಇವತ್ತೊಂದು ದಿನ ಬೇಡ!"

"ನಸ್ಯ ಅಲ್ಲ ಅಕ್ಕಾ, ಅದು ಮಾತ್ರೆ!"

"ಸುಳ್ಳು ಹೇಳಬೇಡ! ಇದರ ವಾಸನೆಯೇ ಹೇಳ್ತದೆ!"

ಮೂವತ್ತು ವರ್ಷ ನಸ್ಯ ತುಂಬಿದ್ದ ಡಬ್ಬಿ, ವಾಸನೆ ಇರದೆ ಏನು? ನಾನು ಅತ್ತೇ ಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಮಗಳು ಅಮ್ಮನ ಕೈಯಿಂದ ಡಬ್ಬಿ ಕಸಿದು ಮುಚ್ಚಳ ತೆಗೆದಳು. "ಮಮ್ಮಿ, ಇಸ್‌ಮೇ ತೋ ದವಾಯೀ ಹೈ!" ಅಕ್ಕ ಒಳಗಿದ್ದ ಮಾತ್ರೆ ನೋಡಿದಳು. ಆಮೇಲೆ ಅವಳು ಕೂಗಿದ್ದು ಭಾಷೆಯಲ್ಲ, ಬರೀ ಧ್ವನಿ.

ಆ ಧ್ವನಿಗೆ ಕಂಬಗಳ ಅಡಿಯಿಂದ ಪಾರ್ಕಿನ ಮುದುಕ ಮಿಸ್ತ್ರಿ ಹೊರಬಂದ. ದಿನವೂ ಬೋಲ್ಟು ಬಿಗಿಯುವವನು ಅವನೇ. ಒಂದು ಮಾತೂ ಕೇಳದೆ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹಲಗೆಮೆಟ್ಟಿಲು ಹತ್ತತೊಡಗಿದ. ವಯಸ್ಸಾದವನು. ನಿಂತು ನಿಂತು ಹತ್ತಬೇಕು.

ಅವನು ಅರ್ಧ ಹತ್ತಿದ್ದಾಗ ಕರೆಂಟು ಬಂತು.

ಮೊದಲು ಧ್ವನಿವರ್ಧಕ, ನಿಂತಲ್ಲಿಂದಲೇ ಹಾಡು. ಆಮೇಲೆ ನಮ್ಮ ಅಡಿಯಲ್ಲಿ ಸರಪಳಿ ಬಿಗಿದ ಸದ್ದು. ಟಕ್. "ಬಂದ್ ಕರೋ! ಮೋಟರ್ ಬಂದ್ ಕರೋ!" ಎಂದು ಗಂಟಲು ಹರಿದುಕೊಂಡೆ. ಹಾಡಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಟಕ್. ಮಾವಯ್ಯ ಕಣ್ಣು ಮುಚ್ಚಿದ್ದರು. ಅವರ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಟಕ್. ತುದಿಯ ಆಚೆಯ ಆಕಾಶ ಹತ್ತಿರ ಬರುತ್ತಿತ್ತು. ಎಷ್ಟೋ ಭಾನುವಾರ ಆ ಆಕಾಶಕ್ಕಾಗಿಯೇ ನಾನು ಇಲ್ಲಿಗೆ ಬಂದಿದ್ದೆ. ಈಗ ಅದನ್ನು ನೋಡಲಾಗಲಿಲ್ಲ. ಟಕ್.

ನಿಂತಿತು. ಕೆಳಗೆ ಚಹಾದ ಲೋಟ ಬಿಸಾಡಿ ಓಡಿಬಂದ ಗಾಡಿಯವನು ಎರಡೂ ಕೈಯಿಂದ ಸ್ವಿಚ್ಚಿನ ಹಿಡಿ ಎಳೆದು ಹಿಡಿದಿದ್ದ. ತುದಿಗೆ ಎರಡು ಮಾರು ಉಳಿದಿತ್ತು.

ಮಿಸ್ತ್ರಿ ಬಂದು ತಲುಪಿದ. ಆತುರದಲ್ಲಿ ನಾನು ತೆಗೆದ ಮೊದಲ ಮಾತ್ರೆ ಹಳಿಯ ಸಂದಿನಲ್ಲಿ ಬಿದ್ದುಹೋಯಿತು. ಎರಡನೆಯದನ್ನು ಮಿಸ್ತ್ರಿಯೇ ತೆಗೆದು, "ಮೂಹ್ ಖೋಲೋ ಬಾಬೂಜೀ" ಎಂದು ಬಾಯಿ ತೆರೆಸಿ, ಗ್ರೀಸು ಮೆತ್ತಿದ ಬೆರಳಿನಿಂದಲೇ ಅವರ ನಾಲಿಗೆಯ ಕೆಳಗಿಟ್ಟ. ನಾನು ಶಾಲಿನ ತುದಿಯಿಂದ ಅವರ ಹಣೆಯ ಬೆವರು ಒರೆಸುತ್ತಾ ಕೂತೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಮಾವಯ್ಯ ಕಣ್ಣು ಬಿಟ್ಟು, "ಗ್ರೀಸು ಕಹಿ ಮಾರಾಯ" ಎಂದರು.

ತಲೆ ಸುತ್ತುತ್ತದೆ, ನಡೆಯಲಾರೆ ಎಂದರು. ಮಿಸ್ತ್ರಿ ಅಡ್ಡಪಟ್ಟಿ ಎತ್ತಿ ಅವರನ್ನು ಬೆನ್ನಿಗೆ ಹಾಕಿಕೊಂಡ. ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡು, ಒಂದೊಂದೇ ಹಲಗೆಗೆ ಕಾಲು ತಾಗಿಸಿ ನೋಡಿ ಇಳಿದೆ. ನೆಲ ಮುಟ್ಟಿದ ಮೇಲೆ ಗಾಡಿಯವನು ಸ್ವಿಚ್ಚು ಹಾಕಿದ. ಖಾಲಿ ಗಾಡಿ ತುದಿ ದಾಟಿ ಧಡಧಡನೆ ಇಳಿದುಹೋಯಿತು. ಅಕ್ಕ ಕಿವಿ ಮುಚ್ಚಿಕೊಂಡಳು.

ಅವಳು ನನಗೆ ಬೈಯಲಿಲ್ಲ. ಸ್ಕೂಟರ್ ರಿಕ್ಷಾದಲ್ಲಿ ಮಾವಯ್ಯನ ಪಾದಗಳನ್ನು ಶಾಲಿನಿಂದ ಸುತ್ತುತ್ತಾ, "ಇವರಿಗೆ ಹೇಳುವುದು ಬೇಡ" ಎಂದಳು. 'ಇವರು' ಎಂದರೆ ಭಾವ. ನಾನು ತಲೆಯಾಡಿಸಿದೆ.

ಹೇಳಿದ್ದು ಮಾವಯ್ಯನೇ. ರಾತ್ರಿ ಊಟದ ನಡುವೆ, ಕಡವಿನ ಕತೆ ಹೇಳುವ ಧಾಟಿಯಲ್ಲೇ, ಜೇಬು ಖಾಲಿ ಮಾಡಿದಲ್ಲಿಂದ ಗ್ರೀಸಿನ ಬೆರಳಿನ ತನಕ ಒಂದೂ ಬಿಡದೆ ಹೇಳಿದರು. "ಕರೆದುಕೊಂಡು ಹೋದವ ನಾನು, ಅವನಲ್ಲ" ಎಂದು ಕೊನೆಗೆ ಸೇರಿಸಿದರು. ಭಾವನ ಕೈ ಸಾರನ್ನದಲ್ಲೇ ನಿಂತಿತ್ತು. ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ಕೈ ತೊಳೆದರು. ಸೋಮವಾರ, ಮಂಗಳವಾರ ನನ್ನೊಡನೆ ಒಂದು ಮಾತಿಲ್ಲ. ನಾನು ಕಚೇರಿಯಲ್ಲಿ ಜೊತೆಯವರೊಬ್ಬರ ಬಳಿ ಬಾಡಿಗೆ ಕೋಣೆ ಇದೆಯೇ ಎಂದು ವಿಚಾರಿಸಿಟ್ಟೆ.

ಬುಧವಾರ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಔಷಧಿ ಬದಲಾಯಿಸಿ, ಊರಿಗೆ ಹೋಗಬಹುದು, ಆದರೆ ಒಬ್ಬರೇ ಪ್ರಯಾಣ ಮಾಡಕೂಡದು ಎಂದರು. ಭಾವನಿಗೆ ಮತ್ತೆ ರಜೆ ಇರಲಿಲ್ಲ. ಶುಕ್ರವಾರ ಸಂಜೆ ಅವರು ರೈಲಿನ ಎರಡು ಟಿಕೆಟು ತಂದು ನನ್ನ ಮಂಚದ ಮೇಲಿಟ್ಟರು. ಒಂದು ನನ್ನ ಹೆಸರಿನಲ್ಲಿತ್ತು.

"ಅಪ್ಪಯ್ಯನಿಗೆ ನೀನೇ ಬರಬೇಕಂತೆ" ಎಂದರು. "ನನಗೂ ಬೇರೆ ಯಾರಿದ್ದಾರೆ?"

ಮುಂದಿನ ವಾರ ಹೊರಟೆವು. ದಾರಿಯುದ್ದಕ್ಕೂ ಮಾವಯ್ಯ ಬೋಗಿಯವರಿಗೆಲ್ಲ ಕತೆ ಹೇಳಿ, ಹೊತ್ತಿಗೆ ಸರಿಯಾಗಿ ಉಂಡು, ಗೊರಕೆ ಹೊಡೆದು ಮಲಗಿದರು. ನಾನು ಎದುರಿನ ಸೀಟಿನಲ್ಲಿ ಕೂತು ಅವರ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದೆ. ಮಂಗಳೂರು ಮುಟ್ಟುವ ತನಕ ನನಗೆ ನಿದ್ದೆ ಬರಲಿಲ್ಲ.